ಮೋಶೆ ಮತ್ತು ಅವನ ವಿರೋಧಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಐಗುಪ್ತದಲ್ಲಿ (ಈಜಿಪ್ಟಿನಲ್ಲಿ) ಗುಲಾಮರಾಗಿದ್ದ ಇಸ್ರಾಯೇಲ್ಯರನ್ನು ಬಿಡಿಸಿ ಮರುಭೂಮಿಯಲ್ಲಿ 40 ವರ್ಷ ನಡೆಸಿದವನು ಮೋಶೆ. ಆ ಪಯಣದ ಕಥೆ ಬೈಬಲಿನ ನಾಲ್ಕನೇ ಪುಸ್ತಕವಾದ ಅರಣ್ಯಕಾಂಡದಲ್ಲಿದೆ. ಬೈಬಲ್ ಅಧ್ಯಯನದ ಗುಂಪುಗಳಲ್ಲಿ ಅದನ್ನು ಓದಲು ಶುರು ಮಾಡಿದ ಕೂಡಲೇ ಇವೇ ಪ್ರಶ್ನೆಗಳು ಬರುತ್ತವೆ. ಬರಬೇಕು ಕೂಡ. ಜನರನ್ನು ನಡೆಸುವ ಕೆಲಸ ಎಷ್ಟು ಕಷ್ಟ ಅನ್ನುವುದನ್ನು ಇಷ್ಟು ಬಿಚ್ಚಿಟ್ಟು ಹೇಳುವ ಪುಸ್ತಕಗಳು ಕಮ್ಮಿ. ಕ್ರೈಸ್ತರಲ್ಲದವರಿಗೂ ಅರ್ಥವಾಗುವ ಹಾಗೆ ಬರೆದಿದ್ದೇನೆ.

ಹೀಬ್ರೂ ಗ್ರಂಥದಲ್ಲಿ ಅಷ್ಟೊಂದು ನಾಯಕರಿದ್ದಾರೆ. ಮೋಶೆಯೇ ಯಾಕೆ?

ದಾವೀದನಿಗೆ ಶಿಮ್ಮಿ ದಾರಿಯುದ್ದಕ್ಕೂ ಕಲ್ಲು ತೂರಿ ಶಾಪ ಹಾಕಿದ. ನೆಹೆಮೀಯ ಯೆರೂಸಲೇಮಿನ ಗೋಡೆ ಕಟ್ಟುವಾಗ ಸನ್ಬಲ್ಲಟನೂ ಟೋಬೀಯನೂ ಹಂಗಿಸಿದರು, ಬೆದರಿಸಿದರು. ಯೆರೆಮೀಯನನ್ನು ಕೆಸರಿನ ಬಾವಿಗೆ ಇಳಿಸಿದರು. ಇವೆಲ್ಲ ಓದಲೇಬೇಕಾದ ಕಥೆಗಳು. ಆದರೆ ‘ಭೂಮಿಯ ಮೇಲಿರುವ ಎಲ್ಲರಿಗಿಂತ ಸಾತ್ವಿಕ’ ಅನ್ನುವ ಮಾತೂ ‘ನನ್ನ ಮನೆಯಲ್ಲೆಲ್ಲಾ ನಂಬಿಗಸ್ತ’ ಅನ್ನುವ ಮಾತೂ ಒಬ್ಬನ ಬಗ್ಗೆಯೇ, ಒಂದೇ ಅಧ್ಯಾಯದಲ್ಲಿ ಬರುವುದು ಮೋಶೆಗೆ ಮಾತ್ರ. ಅರಣ್ಯಕಾಂಡ 12ನೇ ಅಧ್ಯಾಯ. ಅದೂ ಅವನ ಸ್ವಂತ ಅಕ್ಕ ಮತ್ತು ಅಣ್ಣ ಅವನ ವಿರುದ್ಧ ಮಾತಾಡಿದ ಸಂದರ್ಭದಲ್ಲಿ.

ಅವನ ವಿರೋಧಿ ಐಗುಪ್ತದ ರಾಜ ಫರೋಹ ಅಲ್ವಾ?

ಫರೋಹನ ಜೊತೆಗಿನ ಜಗಳ ಬೈಬಲಿನ ಎರಡನೇ ಪುಸ್ತಕವಾದ ವಿಮೋಚನಕಾಂಡದ 14ನೇ ಅಧ್ಯಾಯಕ್ಕೆ ಮುಗಿದು ಹೋಗುತ್ತದೆ. ತನ್ನವರ ಜೊತೆಗಿನದು 40 ವರ್ಷ ಮುಗಿಯುವುದಿಲ್ಲ.

ಶುರುವಾದದ್ದೂ ತನ್ನವರಿಂದಲೇ. ಇನ್ನೂ ಯುವಕನಾಗಿದ್ದಾಗ ಇಬ್ಬರು ಇಬ್ರಿಯರ (ಅಂದರೆ ಇಸ್ರಾಯೇಲ್ಯರ) ಜಗಳ ಬಿಡಿಸಲು ಹೋದರೆ ‘ನಿನ್ನನ್ನು ನಮಗೆ ಅಧಿಕಾರಿಯಾಗಿ, ನ್ಯಾಯಾಧಿಪತಿಯಾಗಿ ಮಾಡಿದವರು ಯಾರು?’ ಅನ್ನಿಸಿಕೊಂಡ. ಮುಂದೆ ಫರೋಹನ ಬಳಿ ಹೋಗಿ ಬಿಡುಗಡೆ ಕೇಳಿದಾಗ, ಫರೋಹ ಇಟ್ಟಿಗೆಗೆ ಬೇಕಾದ ಹುಲ್ಲು ಕೊಡುವುದನ್ನು ನಿಲ್ಲಿಸಿ ಇಟ್ಟಿಗೆಯ ಲೆಕ್ಕ ಮಾತ್ರ ಅಷ್ಟೇ ಇಟ್ಟ. ಏಟು ತಿಂದ ಮೇಸ್ತ್ರಿಗಳು ಬಂದು ಬೈದದ್ದು ಮೋಶೆಯನ್ನು. ಸಮುದ್ರದ ದಡದಲ್ಲಿ ‘ಐಗುಪ್ತದಲ್ಲಿ ಸಮಾಧಿಗಳು ಇರಲಿಲ್ವಾ, ಸಾಯಲಿಕ್ಕೆ ಇಲ್ಲಿಗೆ ಕರಕೊಂಡು ಬಂದೆಯಾ?’ ಅಂದರು. ರೆಫೀದೀಮಿನಲ್ಲಿ ನೀರಿಲ್ಲದಾಗ ‘ಇನ್ನು ಸ್ವಲ್ಪ ಹೊತ್ತಿಗೆ ನನಗೆ ಕಲ್ಲೆಸೆಯುತ್ತಾರೆ’ ಅಂತ ಅವನೇ ದೇವರಿಗೆ ಮೊರೆಯಿಟ್ಟ.

ಹಾಗಾದರೆ ಆ ಜನ ಅಷ್ಟು ಕೆಟ್ಟವರಾ?

ಅಲ್ಲ. ಈ ಕಥೆ ಹೇಳುವವರು ಜನರನ್ನು ಹಳಿದು ಮೋಶೆಯನ್ನು ಎತ್ತರಕ್ಕೆ ಏರಿಸುವುದು ನೋಡಿದರೆ ನನಗೆ ಬೇಸರವಾಗುತ್ತದೆ. ಮಕ್ಕಳು ಮರಿ, ದನ ಕುರಿ ಕಟ್ಟಿಕೊಂಡು ಮರುಭೂಮಿಯಲ್ಲಿ ನಿಂತವರಿಗೆ ಬಾಯಾರಿಕೆ ನಿಜ, ಭಯ ನಿಜ. ತಲೆಮಾರುಗಳ ಗುಲಾಮಗಿರಿ ಕಂಡವರು ಯಾರನ್ನಾದರೂ ನಂಬಲು ಹೆದರುವುದು ಸಹಜ. ಮೋಶೆಗೂ ಅದು ಗೊತ್ತಿತ್ತು. ಅವರ ಗೊಣಗಾಟಕ್ಕೆ ಅವನು ಸಾಮಾನ್ಯವಾಗಿ ಉತ್ತರ ಕೊಡುವುದು ಭಾಷಣದಿಂದ ಅಲ್ಲ, ನೀರು ಊಟ ಕೇಳಿಕೊಂಡು ದೇವರ ಮುಂದೆ ಹೋಗುವುದರಿಂದ.

‘ಸಾತ್ವಿಕ’ ಅಂದರೆ ಯಾರು ಏನಂದರೂ ಸುಮ್ಮನಿರುವವನಾ?

ಇದು ಎಲ್ಲಕ್ಕಿಂತ ಜಾಸ್ತಿ ಕೇಳುವ ಪ್ರಶ್ನೆ. 12ನೇ ಅಧ್ಯಾಯವನ್ನು ನಿಧಾನವಾಗಿ ಓದಿದರೆ ಉತ್ತರ ಸಿಗುತ್ತದೆ.

ಜಾಗ ಹಚೇರೋತ್. ಮೋಶೆ ಮದುವೆಯಾಗಿದ್ದ ಕೂಷ್ ದೇಶದ ಹೆಂಗಸಿನ ವಿಷಯ ಎತ್ತಿಕೊಂಡು ಅಕ್ಕ ಮಿರ್ಯಾಮಳೂ ಅಣ್ಣ ಆರೋನನೂ ಮಾತು ಶುರು ಮಾಡುತ್ತಾರೆ. ಎರಡನೇ ವಾಕ್ಯಕ್ಕೇ ನಿಜವಾದ ವಿಷಯ ಹೊರಗೆ ಬರುತ್ತದೆ: ‘ಯೆಹೋವನು ಮೋಶೆಯ ಮೂಲಕ ಮಾತ್ರ ಮಾತಾಡಿದ್ದಾನೋ? ನಮ್ಮ ಮೂಲಕವೂ ಮಾತಾಡಲಿಲ್ವಾ?’ ಹೆಂಡತಿಯ ವಿಷಯ ಬರೀ ನೆಪ. ಇದಕ್ಕೆ ಮೋಶೆ ಏನೆಂದ? ಏನೂ ಇಲ್ಲ. ‘ಯೆಹೋವನು ಅದನ್ನು ಕೇಳಿಸಿಕೊಂಡನು’ ಅಂತ ಮಾತ್ರ ಇದೆ. ಮೋಶೆಯ ಸಾತ್ವಿಕತೆಯ ಮಾತು ಬರುವುದು ಅದರ ಬೆನ್ನಿಗೇ.

ದೇವರು ಮೂವರನ್ನೂ ದೇವದರ್ಶನದ ಗುಡಾರದ ಬಳಿಗೆ ಕರೆಯುತ್ತಾರೆ, ಮೋಶೆಯ ಪರವಾಗಿ ಮಾತಾಡುತ್ತಾರೆ. ಮೋಡ ಸರಿದಾಗ ಮಿರ್ಯಾಮಳ ಮೈ ಚರ್ಮರೋಗದಿಂದ ಹಿಮದಂತೆ ಬೆಳ್ಳಗಾಗಿದೆ. ಮೋಶೆ ಬಾಯಿ ಬಿಡುವುದು ಆಗಲೇ. ಸುಮ್ಮನೆ ಕೇಳಿಕೊಳ್ಳುವುದಿಲ್ಲ, ಕೂಗಿ ಮೊರೆಯಿಡುತ್ತಾನೆ: ‘ದೇವರೇ, ದಯವಿಟ್ಟು ಇವಳನ್ನು ವಾಸಿಮಾಡು.’ ಹೀಬ್ರೂ ಮೂಲದಲ್ಲಿ ಅದು ಐದೇ ಚಿಕ್ಕ ಪದಗಳ ಪ್ರಾರ್ಥನೆ. ‘ಇವಳು ನನ್ನ ಬಗ್ಗೆ ಆಡಿದ್ದು ತಪ್ಪೇ, ಆದರೂ’ ಅನ್ನುವ ಒಂದು ಪೀಠಿಕೆ ಕೂಡ ಇಲ್ಲ. ಅವಳು ಏಳು ದಿನ ಪಾಳೆಯದ ಹೊರಗೆ ಇರಬೇಕಾಯಿತು. ಆ ಏಳು ದಿನ ಜನರೂ ಅಲ್ಲಿಂದ ಕದಲಲಿಲ್ಲ. ಅವಳು ಒಳಗೆ ಬಂದ ಮೇಲೆಯೇ ಗುಡಾರಗಳನ್ನು ಕಿತ್ತರು.

ಹಾಗಾಗಿ ಸುಮ್ಮನಿರುವುದು ಅರ್ಧ ಮಾತ್ರ. ತನ್ನ ಗೌರವದ ವಿಷಯ ಬಂದಾಗ ಅವನು ಸುಮ್ಮನಿದ್ದ. ಇನ್ನೊಬ್ಬರ ಜೀವದ ವಿಷಯ ಬಂದ ಕೂಡಲೇ ಕೂಗಿದ. ಮೋಶೆಯ ಕಥೆ ಓದುವಾಗ ಈ ವ್ಯತ್ಯಾಸವನ್ನು ಕೈಯಲ್ಲಿ ಹಿಡಿದುಕೊಂಡಿದ್ದರೆ ಮುಂದಿನದೆಲ್ಲ ಬಿಡಿಸಿಕೊಳ್ಳುತ್ತದೆ.

(ಆರೋನನೂ ಮಾತಾಡಿದ್ದ, ಆದರೆ ರೋಗ ಬಂದದ್ದು ಅವಳೊಬ್ಬಳಿಗೆ. ಇದು ಓದುಗರನ್ನು ಎಂದಿನಿಂದಲೂ ಕಾಡಿದೆ. ನನಗೂ ಸುಲಭವಾಗಿ ನುಂಗಲಾಗುವುದಿಲ್ಲ.)

‘ನಾನೇ ಎಲ್ಲರಿಗಿಂತ ಸಾತ್ವಿಕ’ ಅಂತ ತಾನೇ ಬರೆದುಕೊಂಡನಾ?

ಆ ಮಾತು ಮೋಶೆಯ ಬಾಯಲ್ಲಿ ಇಲ್ಲ, ಕಥೆ ಹೇಳುವವರ ಬಾಯಲ್ಲಿದೆ. ಬೈಬಲಿನ ಮೊದಲ ಐದು ಪುಸ್ತಕಗಳನ್ನೂ ಮೋಶೆಯೇ ಬರೆದ ಅಂತ ಸಂಪ್ರದಾಯ ಹೇಳುತ್ತದೆ. ಆದರೂ ಅವನ ಸಾವಿನ ಅಧ್ಯಾಯದ ಹಾಗೆಯೇ ಈ ವಾಕ್ಯವನ್ನೂ ಬೇರೆಯವರು ಸೇರಿಸಿದ್ದಾರೆ ಅಂತ ಹಲವರು ಓದುತ್ತಾರೆ. ಇಂದಿನ ಹೆಚ್ಚಿನ ವಿದ್ವಾಂಸರ ಪ್ರಕಾರ ಇಡೀ ಗ್ರಂಥವೇ ಹಲವು ಕಾಲದ ಹಲವು ಕೈಗಳಲ್ಲಿ ರೂಪುಗೊಂಡದ್ದು.

ಅವನಿಗೆ ಒಮ್ಮೆಯೂ ಸಾಕಾಗಲಿಲ್ವಾ?

ಸಾಕಾಗಿತ್ತು. 11ನೇ ಅಧ್ಯಾಯ ಓದಿ. ಮರುಭೂಮಿಯಲ್ಲಿ ದೇವರು ಕೊಡುತ್ತಿದ್ದ ಮನ್ನ ಅನ್ನುವ ಆಹಾರವನ್ನೇ ದಿನಾ ತಿಂದು ಬೇಜಾರಾದ ಜನ ಐಗುಪ್ತದ ಮೀನು, ಸೌತೆಕಾಯಿ, ಈರುಳ್ಳಿ, ಬೆಳ್ಳುಳ್ಳಿ ನೆನೆಸಿಕೊಂಡು ಗುಡಾರದ ಬಾಗಿಲಲ್ಲಿ ಕೂತು ಅಳುತ್ತಾರೆ. ಮೋಶೆ ದೇವರಿಗೆ ಹೇಳುವ ಮಾತು ಪ್ರಾರ್ಥನೆಯ ಹಾಗಿಲ್ಲ, ರಾಜೀನಾಮೆಯ ಹಾಗಿದೆ. ‘ಈ ಜನರನ್ನೆಲ್ಲ ನಾನು ಹೆತ್ತೆನೋ? ಮೊಲೆಕೂಸನ್ನು ಎತ್ತಿಕೊಳ್ಳುವ ಹಾಗೆ ಎದೆಗವಚಿಕೊಂಡು ಹೋಗು ಅನ್ನುತ್ತೀಯಲ್ಲ! ಇವರಿಗೆ ಮಾಂಸ ಎಲ್ಲಿಂದ ತರಲಿ? ನನ್ನೊಬ್ಬನಿಂದ ಆಗುವುದಿಲ್ಲ. ಹೀಗೇ ಮಾಡುವುದಾದರೆ ನನ್ನನ್ನು ಈಗಲೇ ಸಾಯಿಸಿಬಿಡು.’

ದೇವರು ಅವನನ್ನು ಬೈಯಲಿಲ್ಲ. 70 ಜನ ಹಿರಿಯರನ್ನು ಕರೆದುಕೊಂಡು ಬಾ, ಅವರೂ ನಿನ್ನ ಜೊತೆ ಹೊರೆ ಹೊರಲಿ ಅಂದರು. ನನ್ನಿಂದ ಆಗುವುದಿಲ್ಲ ಅಂತ ಹೇಳುವುದು ನಂಬಿಕೆ ಇಲ್ಲದ ಲಕ್ಷಣ ಅಂತ ಸೇವೆಯಲ್ಲಿರುವವರಿಗೆ ಹೇಳಿಕೊಟ್ಟಿರುತ್ತಾರೆ. ಅಂಥವರು ಈ ಅಧ್ಯಾಯವನ್ನು ಓದಲೇಬೇಕು.

ಇದಕ್ಕೂ ಮೊದಲೇ ಮಾವ ಇತ್ರೋ ಒಂದು ಬುದ್ಧಿ ಹೇಳಿದ್ದ. ಬೆಳಗಿನಿಂದ ಸಂಜೆಯವರೆಗೆ ಮೋಶೆ ಒಬ್ಬನೇ ನ್ಯಾಯ ತೀರಿಸುತ್ತಾ ಕೂತಿರುವುದನ್ನು ನೋಡಿ ‘ನೀನು ಮಾಡುತ್ತಿರುವುದು ಸರಿಯಲ್ಲ, ನೀನೂ ಸೋತುಹೋಗುತ್ತೀಯ, ಜನರೂ ಸೋತುಹೋಗುತ್ತಾರೆ’ ಅಂದ. ಸಾವಿರಕ್ಕೆ, ನೂರಕ್ಕೆ, ಐವತ್ತಕ್ಕೆ, ಹತ್ತಕ್ಕೆ ಒಬ್ಬೊಬ್ಬನನ್ನು ನೇಮಿಸು ಅಂದ. ಇತ್ರೋ ಇಸ್ರಾಯೇಲ್ಯನಲ್ಲ, ಮಿದ್ಯಾನಿನ ಪೂಜಾರಿ. ಮೋಶೆ ಒಂದೂ ಎದುರಾಡದೆ ಹಾಗೇ ಮಾಡಿದ.

ಎಲ್ದಾದ್, ಮೇದಾದ್ ಯಾರು?

ಆ 70 ಹಿರಿಯರ ಪಟ್ಟಿಯಲ್ಲಿ ಹೆಸರಿದ್ದರೂ ದೇವದರ್ಶನದ ಗುಡಾರಕ್ಕೆ ಹೋಗದೆ ಪಾಳೆಯದಲ್ಲೇ ಉಳಿದ ಇಬ್ಬರು. ಅವರ ಮೇಲೆ ಅಲ್ಲೇ ದೇವರ ಆತ್ಮ ಬಂದು ಪ್ರವಾದಿಸಿದರು. ಒಬ್ಬ ಹುಡುಗ ಓಡಿ ಬಂದು ಸುದ್ದಿ ಮುಟ್ಟಿಸಿದ. ಮೋಶೆಯ ಕೈಕೆಳಗೆ ಬೆಳೆದ ಯೆಹೋಶುವ ತಡೆಯಲಾರದೆ ‘ಸ್ವಾಮೀ, ಅವರನ್ನು ತಡೆಯಿರಿ’ ಅಂದ. ಮೋಶೆ ಕೇಳಿದ: ‘ನನಗೋಸ್ಕರ ನಿನಗೆ ಹೊಟ್ಟೆಕಿಚ್ಚೋ? ಯೆಹೋವನ ಜನರೆಲ್ಲರೂ ಪ್ರವಾದಿಗಳಾದರೆ ಎಷ್ಟೋ ಒಳ್ಳೆಯದು!’ ನಾಯಕನಿಗಿಂತ ನಾಯಕನ ಸುತ್ತ ಇರುವವರಿಗೇ ಅವನ ಪದವಿಯ ಚಿಂತೆ ಜಾಸ್ತಿ. ಇದು ಇಂದಿಗೂ ಹಾಗೇ ಅಲ್ವಾ?

‘ಎಲ್ಲರೂ ಪರಿಶುದ್ಧರೇ’ ಅಂತ ಕೋರಹ ಹೇಳಿದ್ದು ಸಮಾನತೆಯ ಮಾತಲ್ವಾ? ಅದರಲ್ಲಿ ತಪ್ಪೇನು?

ಮಾತಿನಲ್ಲಿ ತಪ್ಪಿಲ್ಲ. ಅದಕ್ಕೇ 16ನೇ ಅಧ್ಯಾಯ ಇಷ್ಟು ಕಷ್ಟ. ‘ಸಮೂಹದವರೆಲ್ಲರೂ ಪರಿಶುದ್ಧರು, ಯೆಹೋವನು ಅವರ ಮಧ್ಯದಲ್ಲಿದ್ದಾನೆ, ನೀವು ಮಾತ್ರ ಯಾಕೆ ಹೆಚ್ಚಿನವರಾಗುತ್ತೀರಿ?’ ಅಂತ ಕೋರಹ ಕೇಳಿದ. ಸ್ವಲ್ಪ ಮುಂಚೆ ಮೋಶೆಯೇ ‘ಎಲ್ಲರೂ ಪ್ರವಾದಿಗಳಾಗಲಿ’ ಅಂದಿದ್ದನಲ್ಲ.

ಈಗ ಯಾರು ಯಾರ ಜೊತೆ ಸೇರಿದ್ದಾರೆ ನೋಡಿ. ಕೋರಹ ಲೇವಿಯನು, ಅಂದರೆ ದೇವದರ್ಶನದ ಗುಡಾರದ ಸೇವೆಗೆ ನೇಮಕವಾದ ಕುಲದವನು, ಅದರಲ್ಲೂ ಕೆಹಾತನ ಮನೆತನದವನು, ಮೋಶೆಗೆ ಚಿಕ್ಕಪ್ಪನ ಮಗ. ಕೆಹಾತ್ಯರ ಕೆಲಸ ದೇವರ ಆಜ್ಞೆಗಳ ಹಲಗೆಗಳಿದ್ದ ಮಂಜೂಷವನ್ನೂ ದೀಪಸ್ತಂಭವನ್ನೂ ಹೆಗಲ ಮೇಲೆ ಹೊರುವುದು. ಉಳಿದ ಲೇವಿಯರಿಗೆ ಬಂಡಿ ಕೊಟ್ಟರು, ಇವರಿಗೆ ಕೊಡಲಿಲ್ಲ, ಯಾಕೆಂದರೆ ಇವರ ಹೊರೆ ಅಷ್ಟು ಪವಿತ್ರವಾದದ್ದು. ಇಷ್ಟಿದ್ದೂ ಕೋರಹನಿಗೆ ಬೇಕಾದದ್ದು ಆರೋನನ ಯಾಜಕ ಪದವಿ. ದಾತಾನ್, ಅಬೀರಾಮ್ ರೂಬೇನನ ಕುಲದವರು. ರೂಬೇನ್ ಇಸ್ರಾಯೇಲ್ಯರ ಮೂಲಪುರುಷ ಯಾಕೋಬನ ಹಿರಿಯ ಮಗನಾದರೂ ಮುಂದಾಳುತನ ಅವನ ಕುಲಕ್ಕೆ ಸಿಗಲಿಲ್ಲ. ಇವರ ದೂರು ಯಾಜಕತ್ವದ್ದಲ್ಲ, ಅಧಿಕಾರದ್ದು. ಪಾಳೆಯದ ನಕ್ಷೆ ನೋಡಿದರೆ ಕೆಹಾತ್ಯರೂ ರೂಬೇನ್ಯರೂ ಇಳಿದುಕೊಳ್ಳುತ್ತಿದ್ದದ್ದು ದಕ್ಷಿಣದ ಒಂದೇ ಬದಿಯಲ್ಲಿ. ಅಕ್ಕಪಕ್ಕದ ಗುಡಾರಗಳಲ್ಲಿ ರಾತ್ರಿ ಏನೇನು ಮಾತಾದವೋ! ಜೊತೆಗೆ 250 ಮಂದಿ ಹೆಸರಾಂತ ಮುಖಂಡರು. ಬೇರೆ ಬೇರೆ ಆಸೆಗಳು, ಎಲ್ಲರಿಗೂ ಹೊದ್ದುಕೊಳ್ಳಲು ಒಂದೇ ಒಳ್ಳೆಯ ಘೋಷಣೆ.

ಯೆಹೂದಿ ಗುರುಗಳು ಇದನ್ನು ಚೆನ್ನಾಗಿ ಹಿಡಿದರು. ಸುಮಾರು ಕ್ರಿ.ಶ. 200ರಲ್ಲಿ ಸಂಕಲನಗೊಂಡ ಮಿಷ್ನಾ ಅನ್ನುವ ಅವರ ಧರ್ಮಗ್ರಂಥದಲ್ಲಿ ದೇವರಿಗಾಗಿ ನಡೆಯುವ ವಾದ, ಹಾಗಲ್ಲದ ವಾದ ಅಂತ ಎರಡು ಬಗೆ ಹೇಳಿದ್ದಾರೆ. ಮೊದಲನೆಯದಕ್ಕೆ ಉದಾಹರಣೆ ಗುರುಗಳಾದ ಹಿಲ್ಲೇಲ್ ಮತ್ತು ಶಮ್ಮಾಯ್, ಎರಡನೆಯದಕ್ಕೆ ಕೋರಹ. ಅಂದರೆ ವಾದ ಮಾಡಿದ್ದೇ ತಪ್ಪು ಅಂತ ಅವರು ಹೇಳಲಿಲ್ಲ.

ಮೋಶೆ ಇದಕ್ಕೆ ಹೇಗೆ ಪ್ರತಿಕ್ರಿಯಿಸಿದ?

ಮೊದಲು ಬೋರಲು ಬಿದ್ದ. ಆಮೇಲೆ ‘ನಾಳೆ ಬೆಳಿಗ್ಗೆ ಯೆಹೋವನೇ ತಿಳಿಸುವನು’ ಅಂದ. ಅಷ್ಟು ಕಾವೇರಿದ ಹೊತ್ತಲ್ಲಿ ಒಂದು ರಾತ್ರಿ ಬಿಡುವು ಕೊಟ್ಟ. ತೀರ್ಪನ್ನು ತನ್ನ ಕೈಯಲ್ಲಿ ಇಟ್ಟುಕೊಳ್ಳಲಿಲ್ಲ. ದಾತಾನ್, ಅಬೀರಾಮರಿಗೆ ಹೇಳಿ ಕಳಿಸಿದ. ‘ನಾವು ಬರುವುದಿಲ್ಲ’ ಅಂದರು. ಗುಲಾಮರಾಗಿದ್ದ ಐಗುಪ್ತವನ್ನೇ ‘ಹಾಲೂ ಜೇನೂ ಹರಿಯುವ ದೇಶ’ ಅಂದರು. ಆಗ ಮೋಶೆಗೆ ಬಹಳ ಸಿಟ್ಟು ಬಂತು. ಸಾತ್ವಿಕನಿಗೂ ಸಿಟ್ಟು ಬರುತ್ತದೆ, ಗ್ರಂಥ ಅದನ್ನು ಮುಚ್ಚಿಡುವುದಿಲ್ಲ. ಆದರೂ ಮುಂದೆ ತಾನೇ ಎದ್ದು ಅವರ ಗುಡಾರದ ಬಳಿಗೆ ನಡೆದುಹೋದ. ಬರುವುದಿಲ್ಲ ಅಂದವರ ಬಾಗಿಲಿಗೆ ದೊಡ್ಡವನು ತಾನೇ ಹೋದದ್ದು ನೋಡಿ, ಜಗಳವನ್ನು ಹಿಡಿದುಕೊಂಡು ಕೂರಬಾರದು ಅನ್ನುವ ಪಾಠವನ್ನು ಯೆಹೂದಿ ಗುರುಗಳ ಚರ್ಚೆಗಳ ಸಂಗ್ರಹವಾದ ತಾಲ್ಮುದ್ ಇಲ್ಲಿಂದಲೇ ತೆಗೆಯುತ್ತದೆ.

ಸಿಟ್ಟಿನಲ್ಲಿ ಅವನು ದೇವರಿಗೆ ಹೇಳಿದ ಒಂದು ಮಾತು ನನಗೆ ತುಂಬಾ ಹಿಡಿಸುತ್ತದೆ: ‘ನಾನು ಅವರಿಂದ ಒಂದು ಕತ್ತೆಯನ್ನೂ ತೆಗೆದುಕೊಂಡಿಲ್ಲ, ಅವರಲ್ಲಿ ಒಬ್ಬನಿಗೂ ಕೇಡು ಮಾಡಿಲ್ಲ.’ ತನ್ನ ಪರವಾಗಿ ಪವಾಡಗಳ ಪಟ್ಟಿ ಕೊಡಬಹುದಿತ್ತು. ಕೊಟ್ಟದ್ದು ಕೈ ಶುದ್ಧವಾಗಿದೆ ಅನ್ನುವ ಲೆಕ್ಕ. ಎಷ್ಟೋ ಕಾಲದ ನಂತರ ಮುದುಕನಾದ ಪ್ರವಾದಿ ಸಮುವೇಲ ಜನರ ಮುಂದೆ ನಿಂತು ಇದೇ ಲೆಕ್ಕ ಒಪ್ಪಿಸಿದ: ‘ಯಾರ ಎತ್ತನ್ನು ತೆಗೆದುಕೊಂಡೆ? ಯಾರ ಕತ್ತೆಯನ್ನು ತೆಗೆದುಕೊಂಡೆ? ಯಾರ ಕೈಯಿಂದ ಲಂಚ ತಿಂದೆ?’ ಸಿನಗಾಗ್‌ಗಳಲ್ಲಿ ಯೆಹೂದಿಗಳು ಕೋರಹನ ಭಾಗ ಓದುವ ವಾರ ಅದರ ಜೊತೆಗೆ ಓದುವುದು ಸಮುವೇಲನ ಈ ಅಧ್ಯಾಯವನ್ನೇ.

ಭೂಮಿ ಬಾಯಿ ತೆರೆದು ಕೋರಹನ ಕಡೆಯವರನ್ನು ನುಂಗಿತು ಅಂತಾರೆ. ಇದರಲ್ಲಿ ದೀನತೆ ಎಲ್ಲಿದೆ?

ಭಯಂಕರವಾದ ಭಾಗ, ಅದನ್ನು ಮೆದು ಮಾಡಿ ಹೇಳಲಾರೆ. ಆದರೆ ಓದುವುದನ್ನು ಅಲ್ಲಿಗೇ ನಿಲ್ಲಿಸಬೇಡಿ. ಇಡೀ ಸಮೂಹವನ್ನೇ ನಾಶ ಮಾಡುತ್ತೇನೆ ಅಂತ ದೇವರು ಹೇಳಿದಾಗ ‘ಒಬ್ಬನು ಪಾಪ ಮಾಡಿದರೆ ಎಲ್ಲರ ಮೇಲೆ ಸಿಟ್ಟು ಮಾಡುತ್ತೀಯಾ?’ ಅಂತ ಮೋಶೆ, ಆರೋನರು ಅಡ್ಡ ನಿಂತರು. ಮಾರನೆಯ ದಿನ ಜನ ಮತ್ತೆ ಬಂದು ‘ಯೆಹೋವನ ಜನರನ್ನು ಕೊಂದವರು ನೀವು’ ಅಂದರು. ವ್ಯಾಧಿ ಶುರುವಾಯಿತು. ಆಗ ಮೋಶೆ ಆರೋನನಿಗೆ, ಧೂಪಾರತಿ ತೆಗೆದುಕೋ, ಬೇಗ ಅವರ ಬಳಿಗೆ ಹೋಗು ಅಂದ. 83 ವರ್ಷದವನಾಗಿದ್ದಾಗ ಫರೋಹನ ಮುಂದೆ ನಿಂತಿದ್ದ ಆರೋನ ಈಗ ಇನ್ನೂ ಮುದುಕ. ಅವನು ಕೆಂಡ ತುಂಬಿದ ಧೂಪಾರತಿ ಹಿಡಿದು ಜನರ ನಡುವೆ ಓಡಿದ. ಸತ್ತವರಿಗೂ ಬದುಕಿದವರಿಗೂ ಮಧ್ಯದಲ್ಲಿ ನಿಂತ. ವ್ಯಾಧಿ ನಿಂತಿತು. ಅಷ್ಟರಲ್ಲಿ 14,700 ಜನ ಸತ್ತಿದ್ದರು. ಅವನು ಓಡಿದ್ದು ಆಗತಾನೇ ತನ್ನನ್ನು ಕೊಲೆಗಾರ ಅಂದವರನ್ನು ಉಳಿಸಲು.

ಇನ್ನೊಂದು: ಕೋರಹನ ಮಕ್ಕಳು ಸಾಯಲಿಲ್ಲ ಅಂತ 26ನೇ ಅಧ್ಯಾಯ ಹೇಳುತ್ತದೆ. ಕೀರ್ತನೆಗಳಲ್ಲಿ 42, 84 ಮುಂತಾದವು ಕೋರಹನ ವಂಶದವರ ಹೆಸರಿನಲ್ಲಿವೆ.

ಕುರಾನಿನ ಕಾರೂನ್ ಇವನೇನಾ?

ಹೌದು. 28ನೇ ಸೂರಾದಲ್ಲಿ ಅವನು ಸಂಪತ್ತಿನ ಸೊಕ್ಕಿನವನಾಗಿ ಬರುತ್ತಾನೆ, ಅಲ್ಲಿಯೂ ಭೂಮಿ ಅವನನ್ನು ನುಂಗುತ್ತದೆ.

ದೇವರ ಜೊತೆ ವಾದ ಮಾಡುವವನನ್ನು ನಂಬಿಗಸ್ತ ಅನ್ನಬಹುದಾ?

ಎರಡು ಸಲ ದೇವರು ಅವನಿಗೆ ಒಂದೇ ಅವಕಾಶ ಕೊಟ್ಟರು: ಈ ಜನರನ್ನು ಅಳಿಸಿ ನಿನ್ನಿಂದಲೇ ದೊಡ್ಡ ಜನಾಂಗ ಮಾಡುತ್ತೇನೆ. ಒಮ್ಮೆ ಜನ ಚಿನ್ನದ ಕರು ಮಾಡಿ ಪೂಜಿಸಿದ ಪ್ರಸಂಗದಲ್ಲಿ, ಇನ್ನೊಮ್ಮೆ 12 ಜನ ಗೂಢಚಾರರು ದೇವರು ಕೊಡುತ್ತೇನೆ ಅಂದಿದ್ದ ಕಾನಾನ್ ದೇಶವನ್ನು 40 ದಿನ ನೋಡಿಕೊಂಡು ಬಂದ ಮೇಲೆ. ಎರಡನೆಯ ಸಲ ಜನ ‘ಬೇರೆ ನಾಯಕನನ್ನು ಆರಿಸಿಕೊಂಡು ಐಗುಪ್ತಕ್ಕೆ ಹೋಗೋಣ’ ಅಂತ ನಿರ್ಧರಿಸಿ, ಕಲ್ಲೆಸೆಯುವ ಮಾತಾಡುತ್ತಿದ್ದರು. ಎರಡು ಸಲವೂ ಮೋಶೆ ಬೇಡ ಅಂದ. ‘ನೀನು ದೀರ್ಘಶಾಂತನು ಅಂತ ನೀನೇ ಹೇಳಿದ್ದೀಯಲ್ಲ’ ಅಂತ ದೇವರ ಮಾತನ್ನೇ ದೇವರ ಮುಂದಿಟ್ಟ. ಕರುವಿನ ಪ್ರಸಂಗದಲ್ಲಂತೂ ‘ಇವರನ್ನು ಕ್ಷಮಿಸದಿದ್ದರೆ ನಿನ್ನ ಪುಸ್ತಕದಿಂದ ನನ್ನ ಹೆಸರನ್ನೂ ಅಳಿಸಿಬಿಡು’ ಅಂದ.

ಅದೇ ಪ್ರಸಂಗದಲ್ಲಿ ಮೋಶೆಯ ಅಪ್ಪಣೆಯಂತೆ ಲೇವಿಯರು ಸುಮಾರು 3,000 ಮಂದಿಯನ್ನು ಕೊಂದರು ಅನ್ನುವುದನ್ನೂ ಹೇಳಬೇಕು. ಎರಡೂ ವಿಮೋಚನಕಾಂಡದ ಒಂದೇ 32ನೇ ಅಧ್ಯಾಯದಲ್ಲಿವೆ. ಒಂದನ್ನು ಮಾತ್ರ ಬೋಧಿಸುವುದು ಪ್ರಾಮಾಣಿಕತೆಯಲ್ಲ.

ಬಂಡೆಯನ್ನು ಹೊಡೆದದ್ದಕ್ಕೆ ಅಷ್ಟು ದೊಡ್ಡ ಶಿಕ್ಷೆಯಾ?

20ನೇ ಅಧ್ಯಾಯ ಮಿರ್ಯಾಮಳ ಸಾವಿನಿಂದ ಶುರುವಾಗುತ್ತದೆ. ಕಾದೇಶಿನಲ್ಲಿ ಅವಳನ್ನು ಹೂಳಿದರು. ಮುಂದಿನ ವಾಕ್ಯದಲ್ಲೇ ನೀರಿಲ್ಲ, ಜನ ಮುತ್ತಿಗೆ ಹಾಕಿದ್ದಾರೆ. ಬಂಡೆಗೆ ಮಾತಾಡು ಅಂತ ದೇವರು ಹೇಳಿದ್ದರು. ಮೋಶೆ ಜನರನ್ನು ಸೇರಿಸಿ ‘ದ್ರೋಹಿಗಳೇ ಕೇಳಿರಿ, ಈ ಬಂಡೆಯೊಳಗಿಂದ ನಾವು ನಿಮಗೆ ನೀರು ತರಿಸಬೇಕೋ?’ ಅಂದು ಕೋಲಿನಿಂದ ಎರಡು ಸಲ ಹೊಡೆದ. ನೀರೇನೋ ಧಾರಾಳವಾಗಿ ಬಂತು. ಆದರೆ ನೀವು ನನ್ನನ್ನು ನಂಬಿ ಜನರ ಮುಂದೆ ನನ್ನ ಪವಿತ್ರತೆಯನ್ನು ತೋರಿಸಲಿಲ್ಲ, ಆದ್ದರಿಂದ ಇವರನ್ನು ಆ ದೇಶಕ್ಕೆ ಸೇರಿಸುವವರು ನೀವಲ್ಲ ಅಂತ ದೇವರು ಹೇಳಿದರು.

ಹೊಡೆದದ್ದು ತಪ್ಪು ಅಂತ ಕೆಲವರು, ಸಿಟ್ಟು ತಪ್ಪು ಅಂತ ಕೆಲವರು. 106ನೇ ಕೀರ್ತನೆ ಅವನು ದುಡುಕಿ ಮಾತಾಡಿದ ಅನ್ನುತ್ತದೆ. ನನಗೆ ಕಾಣುವುದು ‘ನಾವು’ ಅಂದದ್ದು. ಅಷ್ಟು ವರ್ಷ ಜನರಿಗಾಗಿ ಬೇಡುತ್ತಿದ್ದವನು ಆ ಒಂದು ದಿನ ಜನರ ಎದುರು ನಿಂತುಬಿಟ್ಟ, ಕೊಡುವವನು ತಾನೇ ಅನ್ನುವ ಹಾಗೆ. ಅಕ್ಕನನ್ನು ಹೂಳಿ ಬಂದ ಮುದುಕನ ಮೇಲೆ ನನಗೆ ಮರುಕ ಇದೆ. ಶಿಕ್ಷೆ ಜಾಸ್ತಿಯಾಯಿತು ಅಂತ ಅವನಿಗೂ ಅನಿಸಿತ್ತು. ಧರ್ಮೋಪದೇಶಕಾಂಡದ 3ನೇ ಅಧ್ಯಾಯದಲ್ಲಿ ಯೊರ್ದನ್ ನದಿ ದಾಟಿ ಆ ದೇಶ ನೋಡಲು ಬಿಡು ಅಂತ ಬೇಡಿಕೊಂಡದ್ದನ್ನು, ದೇವರು ಸಾಕು ಅಂದದ್ದನ್ನು ಅವನೇ ಹೇಳುತ್ತಾನೆ. ‘ನಿಮ್ಮ ದೆಸೆಯಿಂದ’ ಅಂತ ಜನರನ್ನು ದೂರುತ್ತಾನೆ ಕೂಡ.

ಉತ್ತರಾಧಿಕಾರಿಯನ್ನು ಹೇಗೆ ಆರಿಸಿದ?

ನೀನು ಸಾಯುತ್ತೀಯ ಅಂತ ದೇವರು ಹೇಳಿದಾಗ ಅವನು ಕೇಳಿದ್ದು ಒಂದೇ: ಇವರು ಕುರುಬನಿಲ್ಲದ ಕುರಿಗಳ ಹಾಗೆ ಆಗಬಾರದು, ಒಬ್ಬನನ್ನು ನೇಮಿಸು. ಅವನಿಗೆ ಗೇರ್ಷೋಮ್, ಎಲೀಯೆಜೆರ್ ಅಂತ ಇಬ್ಬರು ಗಂಡು ಮಕ್ಕಳಿದ್ದರು. ಅವರ ಹೆಸರು ಎತ್ತಲೇ ಇಲ್ಲ. ಯೆಹೋಶುವನ ಮೇಲೆ ಕೈ ಇಡು ಅಂತ ದೇವರು ಹೇಳಿದರು. ಮೂಲದಲ್ಲಿ ಹೇಳಿದ್ದು ಒಂದು ಕೈ, ಮೋಶೆ ಇಟ್ಟದ್ದು ಎರಡೂ ಕೈ. ಹೇಳಿದ್ದಕ್ಕಿಂತ ಹೆಚ್ಚು ಧಾರಾಳವಾಗಿ ಕೊಟ್ಟ ಅಂತ ಹಳೆಯ ವ್ಯಾಖ್ಯಾನಕಾರರು ಇದನ್ನು ಮೆಚ್ಚಿದ್ದಾರೆ.

ಇದೆಲ್ಲ ನಿಜವಾಗಿ ನಡೆದದ್ದಾ?

ಐಗುಪ್ತದ ದಾಖಲೆಗಳಲ್ಲಿ ಮೋಶೆಯ ಹೆಸರಿಲ್ಲ. ಇಸ್ರಾಯೇಲ್ ಅನ್ನುವ ಹೆಸರು ಕ್ರಿ.ಪೂ. 1208ರ ಸುಮಾರಿನ ಫರೋಹ ಮೆರ್ನೆಪ್ತಾನ ಶಿಲಾಶಾಸನದಲ್ಲಿ ಬರುತ್ತದೆ. ಇತಿಹಾಸ ಎಷ್ಟು, ನೆನಪು ಎಷ್ಟು ಅನ್ನುವ ಚರ್ಚೆ ವಿದ್ವಾಂಸರಲ್ಲಿ ನಡೆದೇ ಇದೆ. ಈ ಪುಟದ ಪ್ರಶ್ನೆಗಳಿಗೆ ಗ್ರಂಥ ಹೇಳುವ ಕಥೆಯೊಳಗಿಂದಲೇ ಉತ್ತರ ಕೊಟ್ಟಿದ್ದೇನೆ.

ಸಭೆಯ (ಚರ್ಚಿನ) ಲೆಕ್ಕ ಕೇಳಿದರೆ, ನಾಯಕರನ್ನು ಪ್ರಶ್ನಿಸಿದರೆ ‘ಕೋರಹನ ಗತಿ ಆಗುತ್ತೆ’ ಅಂತ ಹೆದರಿಸುತ್ತಾರೆ. ಇದು ಸರಿಯಾ?

ಖಂಡಿತ ಸರಿಯಲ್ಲ. ಈ ಕಥೆಗೆ ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿಲ್ಲ. ಕೋರಹನ ಹೆಸರು ಹೇಳಿ ಬಾಯಿ ಮುಚ್ಚಿಸುವವರು ಮೊದಲು ಮೋಶೆಯ ಹಾಗೆ ಕತ್ತೆಯ ಲೆಕ್ಕ ಕೊಡಲಿ. ಮೋಶೆ ಯಾರೂ ಕೇಳುವ ಮೊದಲೇ ಲೆಕ್ಕ ಕೊಟ್ಟ. ತನ್ನನ್ನು ಪ್ರಶ್ನಿಸಿದವರಿಗೆ ಶಾಪ ಹಾಕುವುದನ್ನು ಬಿಟ್ಟು ಅವರಿಗಾಗಿ ಬೋರಲು ಬಿದ್ದ.

27ನೇ ಅಧ್ಯಾಯವನ್ನೂ ಓದಿ. ಚಲ್ಪಹಾದನ ಐದು ಹೆಣ್ಣುಮಕ್ಕಳು ಮೋಶೆ, ಯಾಜಕ, ಮುಖಂಡರು, ಇಡೀ ಸಮೂಹ ಎಲ್ಲರ ಮುಂದೆ ದೇವದರ್ಶನದ ಗುಡಾರದ ಬಾಗಿಲಿಗೆ ಬಂದು ನಿಂತರು. ಅವರ ಹೆಸರು ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ. ಅಪ್ಪನಿಗೆ ಗಂಡು ಮಕ್ಕಳಿಲ್ಲ ಅನ್ನುವ ಒಂದೇ ಕಾರಣಕ್ಕೆ ಅವನ ಹೆಸರು ಯಾಕೆ ಅಳಿಸಿಹೋಗಬೇಕು, ನಮಗೂ ಪಾಲು ಕೊಡಿ ಅಂತ ಕೇಳಿದರು. ‘ನಮ್ಮಪ್ಪ ಕೋರಹನ ಗುಂಪಿನಲ್ಲಿ ಇದ್ದವನಲ್ಲ’ ಅಂತ ಮೊದಲೇ ಹೇಳಿಕೊಂಡರು. ಪ್ರಶ್ನೆ ಕೇಳಿದರೆ ಆ ಮುದ್ರೆ ಬೀಳುತ್ತದೆ ಅನ್ನುವ ಭಯ ಅವರಿಗೂ ಇದ್ದಿರಬೇಕು. ಮೋಶೆ ಆ ಮುದ್ರೆ ಒತ್ತಲಿಲ್ಲ. ಉತ್ತರ ತನಗೆ ಗೊತ್ತು ಅಂತಲೂ ಹೇಳಲಿಲ್ಲ. ಅವರ ನ್ಯಾಯವನ್ನು ದೇವರ ಮುಂದೆ ಇಟ್ಟ. ‘ಚಲ್ಪಹಾದನ ಹೆಣ್ಣುಮಕ್ಕಳು ಹೇಳುವುದು ನ್ಯಾಯವೇ’ ಅಂತ ದೇವರು ಹೇಳಿದರು. ಕಾನೂನು ಬದಲಾಯಿತು.

ಎಲ್ಲಿಂದ ಓದಲಿ?

ಅರಣ್ಯಕಾಂಡ 11ರಿಂದ 14, ಆಮೇಲೆ 16, 20, 27. ಸಮಯ ಇದ್ದರೆ ವಿಮೋಚನಕಾಂಡ 18 ಮತ್ತು 32. ಒಂದು ಸಂಜೆಗೆ ಒಂದೇ ಅಧ್ಯಾಯ ಸಾಕು, ಗುಂಪಿನಲ್ಲಿ ಒಬ್ಬರು ಗಟ್ಟಿಯಾಗಿ ಓದಿದರೆ ಇನ್ನೂ ಒಳ್ಳೆಯದು. 16ನ್ನು ಓದಿಸಿದವರು 27ನ್ನು ಓದಿಸದೆ ಬಿಡಬೇಡಿ.